ಮನೆಯೊಳಗಿನ ಕಾವಲು — ಕಂತು ೧೧: ಕತ್ತರಿಸಿದ ಜಡೆ

“ಬೆಲ್ ಒತ್ತಬೇಡಿ ಹೇಮಕ್ಕ. ಇನ್ನೊಂದು ಮಾತಿದೆ,” ಎಂದಳು ಮಾನಸ.

ಹೇಮಾಕ್ಷಿಯ ಬೆರಳು ಗುಂಡಿಗೆ ತಾಗಿಕೊಂಡೇ ನಿಂತಿತು.

“ಎಷ್ಟು ಸಲ ಅದ ಮಾತು? ರೈಲಿನ್ಯಾಗ ಹೇಳಿದ್ರಿ, ಆಟೋದಾಗ ಹೇಳಿದ್ರಿ, ಮೆಟ್ಟಲ ಹತ್ತುವಾಗೂ ಹೇಳಿದ್ರಿ. ನಾ ಬಾಯಿ ತಗಿಯಂಗಿಲ್ಲ. ಸಾಕಲ್ಲ?”

“ಬಾಯಿ ಮಾತ್ರ ಅಲ್ಲ. ಆ ಬ್ಯಾಗನ್ನೂ ತೆಗೆಯೋ ಹಾಗಿಲ್ಲ.”

ಹೇಮಾಕ್ಷಿ ಬ್ಯಾಗನ್ನು ಎದೆಗೆ ಒತ್ತಿಕೊಂಡಳು. ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಆ ಬ್ಯಾಗು ಅವಳ ಮಡಿಲಿನಿಂದ ಇಳಿದಿರಲಿಲ್ಲ. ಅದರೊಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಜಡೆ ಇತ್ತು. ಅವಳ ಹದಿನಾಲ್ಕು ವರ್ಷದ ಮಗಳು ಅಪೂರ್ವಳ ಜಡೆ. ಕಂಪ್ಯೂಟರಿನಲ್ಲಿ ‘ನೆರಳು’ ಎಂಬ ಹೆಸರಿನಿಂದ ಮಾತಾಡುತ್ತಿದ್ದ ಯಾರೋ, “ಕತ್ತರಿಸಿಕೋ, ಇಲ್ಲವಾದರೆ ನೀನು ಗುಟ್ಟಾಗಿ ಬರೆದಿಟ್ಟದ್ದನ್ನೆಲ್ಲ ನಿನ್ನ ಕ್ಲಾಸಿಗೆ ಕಳಿಸುತ್ತೇನೆ” ಎಂದು ಹೆದರಿಸಿದ್ದಕ್ಕೆ, ಆ ಹುಡುಗಿ ತನ್ನ ಕೈಯಾರೆ ಕತ್ತರಿಸಿಕೊಂಡಿದ್ದಳು.

ಬೆಳಿಗ್ಗೆ ಮನೆ ಬಿಡುವಾಗ ಹೇಮಾಕ್ಷಿ ಚಪ್ಪಲಿ ಮೆಟ್ಟುತ್ತ ಗಂಡನಿಗೆ ಹೇಳಿದ್ದಳು: “ಕೂದಲಿಗೆ ಕೂದಲಾ ಅಂದ್ರ ಸಾಲಂಗಿಲ್ಲ. ಮಾಡಿದವರ ಕೈ ಕತ್ತರಿಸಬೇಕು, ಕೈ!”

ಒಳಬಾಗಿಲ ಹತ್ತಿರ ಅಪೂರ್ವ ನಿಂತಿದ್ದಳು. ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡಿದ್ದಳು. ಮಾನಸಳಿಗೆ ಆ ನೋಟ ಅನಕಾಪಲ್ಲಿ ದಾಟುವವರೆಗೂ ಕಣ್ಣಿನಿಂದ ಹೋಗಿರಲಿಲ್ಲ.

ಕೆಳಗೆ ಬೆಂಜ್ ಸರ್ಕಲ್ಲಿನ ಹಾರ್ನುಗಳು ಒಂದರ ಮೇಲೊಂದು ಅರಚುತ್ತಿದ್ದವು. ಮಾನಸ ಗೋಡೆಗೆ ಒರಗಿ, ಬರುವ ದಾರಿಯುದ್ದಕ್ಕೂ ಮಾಡಿದ್ದನ್ನೇ ಮತ್ತೆ ಮಾಡಿದಳು. ತನ್ನ ತರ್ಕದಲ್ಲಿ ಎಲ್ಲಿ ತೂತು ಇದೆ ಎಂದು ಹುಡುಕಿದಳು. ಸಂಜೆ ಕಾಲೇಜಿನಲ್ಲಿ ಓದಿ, ವಿಮೆ ಕಂಪನಿಯೊಂದಕ್ಕೆ ಸುಳ್ಳು ಕ್ಲೇಮು ಹುಡುಕಿಕೊಡುತ್ತ ಪತ್ತೇದಾರಳಾದವಳು ಅವಳು. ಒಬ್ಬರ ಮನೆ ಬಾಗಿಲಿಗೆ ಹೋಗಿ ಬೆರಳು ತೋರಿಸುವ ಮೊದಲು ಪ್ರತಿ ಕೊಂಡಿಯನ್ನೂ ಮತ್ತೊಮ್ಮೆ ಎಳೆದು ನೋಡುವುದು ಇವತ್ತಿಗೂ ತಪ್ಪಿಲ್ಲ.

ಅಪೂರ್ವ ಬರೆದದ್ದನ್ನು ಯಾರಿಗೂ ಕಳಿಸಿರಲಿಲ್ಲ. ಅಪ್ಪ ಅಮ್ಮನ ಜಗಳ, ತನಗೆ ಕ್ಲಾಸಿನಲ್ಲಿ ಯಾರನ್ನು ಕಂಡರೆ ಹೊಟ್ಟೆಕಿಚ್ಚು, ಎಲ್ಲವೂ ಮನೆಯ ಕಂಪ್ಯೂಟರಿನೊಳಗೇ ಇತ್ತು. ಆದರೂ ನೆರಳಿಗೆ ಗೊತ್ತಿತ್ತು. ಪಾಸ್‌ವರ್ಡ್ ಬದಲಾಯಿಸಿದರೆ ಅದೂ ಗೊತ್ತಾಗುತ್ತಿತ್ತು. ಹಾಗಾದರೆ ಕಳ್ಳ ಬೀದಿಯಲ್ಲಿಲ್ಲ, ಯಂತ್ರದ ಒಳಗಿದ್ದಾನೆ.

ಅದನ್ನು ಖಚಿತ ಮಾಡಿಕೊಳ್ಳಲು ಬುಧವಾರ ಮಾನಸ ತಾನೇ ಆ ಕಂಪ್ಯೂಟರಿನಲ್ಲಿ, ಅಪೂರ್ವ ಬರೆದಂತೆ, ವಿಶಾಖಪಟ್ಟಣದ ಅಂಚಿನ ಸ್ಟೇಷನ್ ಒಂದರ ಹೆಸರಿಟ್ಟು ಒಂದು ಸುಳ್ಳು ಬರೆದಿದ್ದಳು. ‘ಶನಿವಾರ ಸಂಜೆ ದುವ್ವಾಡ ಸ್ಟೇಷನ್ನಿಗೆ ಹೋಗಿ ಸಿಕ್ಕಿದ ರೈಲು ಹತ್ತಿಬಿಡುತ್ತೇನೆ.’

ಯಾರಿಗೂ ಕಳಿಸದ ಆ ಸಾಲಿಗೆ ಮರುದಿನವೇ, ಅಪೂರ್ವಳ ಕಣ್ಣೆದುರೇ, ನೆರಳಿನ ಉತ್ತರ ಬಂತು. ‘ಶನಿವಾರ ದುವ್ವಾಡಕ್ಕೆ ಬಾ. ನಾನೂ ಬರುತ್ತೇನೆ.’

ಆಮೇಲೆ ಕೆದಕಿದಾಗ ಸಿಕ್ಕಿತು. ಮಕ್ಕಳ ಮೇಲೆ ಕಣ್ಣಿಡಲು ಅಪ್ಪ ಅಮ್ಮಂದಿರಿಗೆಂದೇ ಮಾಡಿದ ಕಾವಲು ಪ್ರೋಗ್ರಾಂ. ಒತ್ತಿದ ಪ್ರತಿ ಅಕ್ಷರವನ್ನೂ ಬರೆದುಕೊಂಡು ದಿನಕ್ಕೊಮ್ಮೆ ಒಂದು ಇ-ಮೇಲ್ ವಿಳಾಸಕ್ಕೆ ವರದಿ ಕಳಿಸುತ್ತದೆ. ಆ ವಿಳಾಸ ಹೇಮಾಕ್ಷಿಯದಲ್ಲ, ಅವಳ ಗಂಡ ನಟರಾಜನದೂ ಅಲ್ಲ. ಅವರಿಗಿಂತ ಮೊದಲು ಅದೇ ಕ್ವಾರ್ಟರ್ಸಿನಲ್ಲಿದ್ದ ಬ್ಯಾಂಕ್ ಅಧಿಕಾರಿ ಅಶೋಕನದು.

ವರ್ಗವಾಗಿ ಆಂಧ್ರಕ್ಕೆ ಬರುವ ಕನ್ನಡದವರಲ್ಲಿ ಒಂದು ರೂಢಿ ಇದೆ. ಹೋಗುವ ಸಂಸಾರ ಮಂಚ, ಗ್ಯಾಸ್ ಒಲೆ, ತುಳಸಿ ಕುಂಡ ಎಲ್ಲವನ್ನೂ ಬರುವ ಸಂಸಾರಕ್ಕೆ ಬಿಟ್ಟುಹೋಗುತ್ತದೆ. ಲಾರಿ ಬಾಡಿಗೆ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ. ಅಶೋಕ ವಿಜಯವಾಡಕ್ಕೆ ವರ್ಗವಾದಾಗ ಕಂಪ್ಯೂಟರನ್ನು ಅದರ ಮೇಜಿನ ಸಮೇತ ಬಿಟ್ಟುಹೋಗಿದ್ದ. ಒಲೆಯ ರೆಗ್ಯುಲೇಟರ್ ಸೋರುತ್ತದೆಯೇ ಎಂದು ಸೋಪಿನ ನೊರೆ ಹಚ್ಚಿ ನೋಡಿದವರು, ಆ ಕಂಪ್ಯೂಟರಿನ ಒಳಗೆ ಏನಿದೆ ಎಂದು ನೋಡಲಿಲ್ಲ.

ಮಗುವನ್ನು ಗಾಳಕ್ಕೆ ಸಿಕ್ಕಿಸಿ ದುವ್ವಾಡದಲ್ಲಿ ಕಾಯುವುದು ಮಾನಸಳಿಗೆ ಒಪ್ಪಿಗೆಯಾಗಲಿಲ್ಲ. ಆ ವಿಳಾಸದವನನ್ನು ಅವನ ಮನೆಯಲ್ಲೇ ಹಿಡಿದರೆ ದುವ್ವಾಡಕ್ಕೆ ಹೋಗುವವರೇ ಇರುವುದಿಲ್ಲ. ಅಪೂರ್ವಳನ್ನು ಕಣ್ಣೆದುರೇ ಇಟ್ಟುಕೊಂಡಿರಿ ಎಂದು ನಟರಾಜನಿಗೆ ಹೇಳಿ ಬಂದಿದ್ದಳು.

ತರ್ಕ ಸರಿಯಾಗಿತ್ತು. ಸರಿಯಾಗಿದೆ ಅನ್ನಿಸುವುದೇ ಅವಳಿಗೆ ಭಯ.

“ಒತ್ತಿ,” ಎಂದಳು.

*

ಅಶೋಕ ಆಗಷ್ಟೇ ಊಟ ಮುಗಿಸಿದ್ದ. ಶನಿವಾರದ ಅರ್ಧ ದಿನದ ಬ್ಯಾಂಕು ಮುಗಿಸಿ ಬಂದ ಪ್ಯಾಂಟು ಇನ್ನೂ ಬದಲಾಗಿರಲಿಲ್ಲ. ಹೇಮಾಕ್ಷಿಯನ್ನು ಕಂಡು ಮುಖ ಅರಳಿತು.

“ಅರೆ, ಹೇಮಾಕ್ಷಿಯವರು! ಒಂದು ಫೋನಾದ್ರೂ ಮಾಡಬಾರದಾ? ಸ್ಟೇಷನ್ನಿಗೇ ಬರ್ತಿದ್ದೆ. ಸುಲೋಚನಾ, ಯಾರು ಬಂದಿದ್ದಾರೆ ನೋಡು. ಬನ್ನಿ, ಬನ್ನಿ. ಪಾಪು ಹೇಗಿದ್ದಾಳೆ ಈಗ?”

ಹೇಮಾಕ್ಷಿಯ ದವಡೆ ಬಿಗಿಯಿತು. ಮಾನಸ ಅವಳ ಮೊಣಕೈ ಹಿಡಿದು ಸೋಫಾದ ಮೇಲೆ ಕೂರಿಸಿದಳು.

ನಡುಮನೆ ಒಪ್ಪವಾಗಿತ್ತು. ಕಂಪ್ಯೂಟರ್ ಎಲ್ಲರಿಗೂ ಕಾಣುವಂತೆ ಮೂಲೆಯಲ್ಲಿ, ಪರದೆ ಬಾಗಿಲಿನ ಕಡೆಗೆ. ಟೀಪಾಯಿಯ ಮೇಲೆ ಕನ್ನಡ ಸಂಘದ ಕರಪತ್ರಗಳ ಕಟ್ಟು: ‘ಮಕ್ಕಳು ಮತ್ತು ಇಂಟರ್ನೆಟ್. ಪೋಷಕರಿಗೆ ತಿಳಿವಳಿಕೆ. ಉಪನ್ಯಾಸ: ಶ್ರೀ ಅಶೋಕ.’ ಶೋಕೇಸಿನಲ್ಲಿ ಬೊಂಬೆಗಳ ನಡುವೆ ಒಂದು ಫೋಟೋ. ಸಿಂಹಾಚಲದ ಮೆಟ್ಟಿಲ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಇಬ್ಬರು ಹೆಂಗಸರು, ಇಬ್ಬರು ಹುಡುಗಿಯರು. ಹೇಮಾಕ್ಷಿ, ಸುಲೋಚನಾ, ಅವರ ಹೆಣ್ಣುಮಕ್ಕಳು. ಅಪೂರ್ವಳ ಜಡೆ ಸೊಂಟದ ಕೆಳಗೆ ಇಳಿದಿತ್ತು. ಫೋಟೋದ ಮೂಲೆಯಲ್ಲಿ ಕ್ಯಾಮೆರಾ ತಾನಾಗಿ ಮುದ್ರಿಸಿದ ಕಿತ್ತಳೆ ಬಣ್ಣದ ಅಂಕಿಗಳು.

“ಇವರು?” ಎಂದ ಅಶೋಕ.

“ಮಾನಸ. ವೈಜಾಗ್‌ನಲ್ಲಿ ಪತ್ತೇದಾರಿ ಕೆಲಸ ಮಾಡ್ತೀನಿ ಸರ್. ನಿಮ್ಮ ಒಂದು ಇ-ಮೇಲ್ ವಿಳಾಸದ ಬಗ್ಗೆ ಕೇಳೋದಿತ್ತು.”

ವಿಳಾಸ ಹೇಳಿದಳು. ಅಶೋಕ ನೆನಪಿಸಿಕೊಳ್ಳಲು ಹಣೆ ತಿಕ್ಕಿದ.

“ಅಯ್ಯೋ, ಅದಾ? ಸಹನಾಗೋಸ್ಕರ ಹಾಕಿದ್ದೆ. ನನ್ನ ಮಗಳು. ಅವಳು ಕಂಪ್ಯೂಟರ್‌ನಲ್ಲಿ ಏನು ಮಾಡ್ತಾಳೆ ಅಂತ ವರದಿ ಬರೋದಕ್ಕೆ. ಅದನ್ನ ನೋಡಿ ವರ್ಷ ಆಗ್ತಾ ಬಂತು. ಯಾಕೆ?”

“ವರದಿ ಈಗಲೂ ಬರ್ತಿದೆ. ನಿಮ್ಮ ಮಗಳದ್ದಲ್ಲ. ಇವರ ಮಗಳದ್ದು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಮಾನಸ ಆ ಮುಖವನ್ನೇ ನೋಡುತ್ತಿದ್ದಳು. ಹೆದರಿದ ಮುಖ ಹೌದು. ಸಿಕ್ಕಿಬಿದ್ದ ಮುಖ ಹೌದೋ ಅಲ್ಲವೋ ತಿಳಿಯಲಿಲ್ಲ.

ಹೇಮಾಕ್ಷಿ ಅಷ್ಟು ಹೊತ್ತು ತಾಳಲಿಲ್ಲ.

“ನೀವ ಫೋನಿನ್ಯಾಗ ಏನ ಹೇಳಿದ್ರಿ ನಂಗ? ‘ಬೈಬ್ಯಾಡ್ರಿ, ಮೊದಲ ಪಾಸ್‌ವರ್ಡ್ ಬದಲ ಮಾಡಿಸ್ರಿ’ ಅಂದ್ರಿ. ನಾ ಆಕಿ ಬಾಜೂಕ ಕುಂತು ಬದಲ ಮಾಡಿಸಿದೆ. ಮರುದಿನ ಆ ನೆರಳು ಏನ ಬರೀತು ಗೊತ್ತೇನ್ರಿ? ‘ಹೊಸಾ ಪಾಸ್‌ವರ್ಡ್ ಚಲೋ ಐತಿ’ ಅಂತ! ನಮ್ಮವರು, ಕನ್ನಡದವರು, ತಿಳಿದವರು ಅಂತ ನಿಮ್ಮನ್ನ ಕೇಳಿದ್ನಲ್ಲರೀ ನಾ!”

“ಹೇಮಕ್ಕ,” ಎಂದಳು ಮಾನಸ.

“ಸುಮ್ಮನಿರ್ರಿ ನೀವು!”

ಬ್ಯಾಗು ತೆರೆಯಿತು. ಪೇಪರಿನ ಸುರುಳಿ ಟೀಪಾಯಿಯ ಮೇಲೆ ಬಿದ್ದು ತಾನಾಗಿ ಬಿಚ್ಚಿಕೊಂಡಿತು. ಕಪ್ಪಗೆ, ದಪ್ಪಗೆ, ತುದಿಯಲ್ಲಿ ಇನ್ನೂ ಕೆಂಪು ರಿಬ್ಬನ್ ಕಟ್ಟಿದ ಜಡೆ.

ಅಶೋಕ ಹಿಂದಕ್ಕೆ ಸರಿದ.

ಅಡುಗೆಮನೆಯ ಬಾಗಿಲಲ್ಲಿ ಸುಲೋಚನಾ ನಿಂತಿದ್ದಳು. ಕೈಯಲ್ಲಿ ನೀರಿನ ಲೋಟಗಳ ತಟ್ಟೆ. ಒಂದು ಹನಿಯೂ ತುಳುಕಲಿಲ್ಲ. ಅವಳು ಬಂದು ತಟ್ಟೆಯನ್ನು ಜಡೆಯ ಪಕ್ಕದಲ್ಲೇ ಇಟ್ಟಳು. ಬಗ್ಗಿ ನೋಡಿದಳು.

“ಇಷ್ಟು ಮೇಲಿಂದ ಕತ್ತರಿಸು ಅಂತ ನಾನು ಹೇಳಿರಲಿಲ್ಲ,” ಎಂದಳು.

*



ಹೇಮಾಕ್ಷಿ ಎದ್ದದ್ದು, ಸುಲೋಚನಾಳ ಜುಟ್ಟಿಗೆ ಕೈ ಹಾಕಿದ್ದು, ಮಾನಸ ನಡುವೆ ನುಗ್ಗಿದ್ದು ಎಲ್ಲ ಒಂದೇ ಕ್ಷಣದಲ್ಲಿ ಆಯಿತು. ಒಂದು ಲೋಟ ಉರುಳಿ ನೀರು ಕರಪತ್ರಗಳ ಕಡೆಗೆ ಹರಿಯಿತು.

“ಬಿಡಿ ಅವರನ್ನ,” ಎಂದಳು ಸುಲೋಚನಾ. “ಹೊಡೀಲಿ. ನಾನೂ ಅವಳ ಮಗಳನ್ನ ಎದುರಿಗೆ ಸಿಕ್ಕಿದ್ರೆ ಹೊಡೀತಿದ್ದೆ. ಸಿಗಲಿಲ್ಲ, ಅದಕ್ಕೇ ಹೀಗೆ ಮಾಡಿದೆ.”

“ಅಕ್ಕಾ ಅಂತಿದ್ನಲ್ಲ ನಿನಗ! ನಿನ್ನ ಮನ್ಯಾಗ ಉಂಡೇನಲ್ಲ!”

“ಹೌದು, ಉಂಡಿರಿ. ಈ ಏಪ್ರಿಲ್, ಮೇ ಎರಡೂ ತಿಂಗಳು. ನಿಮ್ಮವರು ಬಂದು ಸೇರಿದರು, ಇವರಿಗೆ ರಿಲೀವಿಂಗ್ ಆರ್ಡರ್ ಬರಲಿಲ್ಲ. ಪರವಾಗಿಲ್ಲ, ನಮ್ಮ ಜೊತೇನೇ ಇರಿ ಅಂದೆ. ನಿಮ್ಮ ಅಪೂರ್ವ ನನ್ನ ಸಹನಾ ಪಕ್ಕ ಮಲಗಿದ್ದಳು. ಅವಳ ಕಂಪ್ಯೂಟರ್ ಮುಂದೆ ಕೂತಿದ್ದಳು. ಕೂತು ಏನು ಮಾಡಿದಳು ಕೇಳಿ.”

“ಸುಲೋಚನಾ, ಸಾಕು,” ಎಂದ ಅಶೋಕ.

“ಯಾಕೆ ಸಾಕು? ಇವರು ಬಂದಿರೋದೇ ಕೇಳೋದಕ್ಕೆ.” ಅವಳು ಮಾನಸಳ ಕಡೆ ತಿರುಗಿದಳು. “ಜೂನ್‌ನಲ್ಲಿ ನಾವು ಅಲ್ಲಿಂದ ಹೊರಡೋ ಮೊದಲೇ ಸ್ಕೂಲಿನಿಂದ ನಮ್ಮನ್ನ ಕರೆಸಿದರು. ಇಂಟರ್ನೆಟ್‌ನಲ್ಲಿ ನನ್ನ ಮಗಳ ಹೆಸರಲ್ಲಿ ಒಂದು ಪುಟ. ಅವಳದೇ ಫೋಟೋ. ಟೀಚರ್‌ಗಳ ಬಗ್ಗೆ, ಕ್ಲಾಸಿನ ಹುಡುಗೀರ ಬಗ್ಗೆ ಬಾಯಲ್ಲಿ ಆಡಬಾರದ ಮಾತು. ನಾನು ಬರೆದಿಲ್ಲ ಅಮ್ಮ ಅಂತ ಅತ್ತಳು. ಯಾರೂ ನಂಬಲಿಲ್ಲ. ಟಿಸಿ ತಗೊಂಡು ಹೋಗಿ ಅಂದರು.”

“ಅದು ಗೊತ್ತೈತಿ ನಂಗ. ನಾನೂ ಅತ್ತೇನಿ ಆವತ್ತು.”

“ನೀನು ಅತ್ತೆ. ಅದೇ ನನಗೆ ಸಹಿಸೋದಕ್ಕೆ ಆಗದೇ ಇರೋದು.” ಸುಲೋಚನಾಳ ದನಿ ಮೊದಲ ಬಾರಿಗೆ ನಡುಗಿತು. “ಇಲ್ಲಿಗೆ ಬಂದ ಮೇಲೆ ಅವಳು ಸ್ಕೂಲಿನ ಗೇಟಿನ ಒಳಗೆ ಕಾಲಿಡಲಿಲ್ಲ. ದಿನಾ ಬಸ್ಸಲ್ಲಿ ಮಂಗಳಗಿರಿಗೆ ಹೋಗ್ತಾಳೆ. ಅಲ್ಲಿ ಕನಕದುರ್ಗ ಗಾರು ಅಂತ, ಸೀರೆ ನೇಯ್ತಾರೆ. ಅವರ ಮಗ್ಗದ ಪಕ್ಕ ಕೂತಿರ್ತಾಳೆ. ‘ಮಗ್ಗದ ಸದ್ದು ಇದ್ದರೆ ಯಾರೂ ನನ್ನನ್ನ ಮಾತಾಡಿಸಲ್ಲ ಅಮ್ಮ’ ಅಂತಾಳೆ. ಹದಿನೈದು ವರ್ಷದ ಹುಡುಗಿ ಆಡೋ ಮಾತಾ ಇದು?”

ಸುಲೋಚನಾ ಉರುಳಿದ ಲೋಟವನ್ನು ಎತ್ತಿ ನೆಟ್ಟಗೆ ಇಟ್ಟಳು.

“ಆಗಸ್ಟ್‌ನಲ್ಲಿ ಆ ವರದಿಗಳ ನೆನಪಾಯಿತು. ‘ಹೆಣ್ಣುಮಗಳ ವಿಷಯ, ನೀನೇ ನೋಡು’ ಅಂತ ಇವರು ಪಾಸ್‌ವರ್ಡ್ ನನಗೇ ಕೊಟ್ಟಿದ್ದರು. ತೆಗೆದು ಹಳೇದೆಲ್ಲ ಓದಿದೆ. ಸಿಕ್ಕಿತು. ಆ ಪುಟ ಮಾಡಿದ್ದು ನಮ್ಮ ಮನೆಯಿಂದ, ನಮ್ಮದೇ ಕಂಪ್ಯೂಟರ್‌ನಿಂದ! ಸಹನಾ ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ತಾಳಾ? ಇನ್ನು ಉಳಿದವಳು ಯಾರು?” ಅವಳು ಜಡೆಯ ಕಡೆ ಬೆರಳು ಮಾಡಿದಳು. “ಹೊಸ ವರದಿಗಳೂ ಬರ್ತಾ ಇದ್ದವು. ದೇವರೇ ಬಾಗಿಲು ತೆಗೆದಿಟ್ಟ ಹಾಗೆ. ನನ್ನ ಮಗಳು ತಲೆ ಎತ್ತಿ ನಡೆಯೋ ಹಾಗಿಲ್ಲ. ಅವಳ ಮಗಳು ತಲೆ ಬಾಚಿಕೊಂಡು ಸ್ಕೂಲಿಗೆ ಹೋಗ್ತಾಳೆ. ಯಾಕೆ ಹೋಗಬೇಕು?”

ಹೇಮಾಕ್ಷಿ ಸೋಫಾದ ಮೇಲೆ ಕುಸಿದಿದ್ದಳು. “ನಮ್ಮ ಅಪ್ಪಿ ಹಂಗ ಮಾಡಾಕಿ ಅಲ್ಲ,” ಎಂದಳು. ಆ ಮಾತಿನ ಕೊನೆಗೆ ಒಂದು ಸಣ್ಣ ಪ್ರಶ್ನೆ ಅಂಟಿಕೊಂಡಿತ್ತು.

ಮಾನಸಳಿಗೆ ಅದು ಕೇಳಿಸಿತು. ತಾಯಿಯೇ ಅನುಮಾನಿಸತೊಡಗಿದರೆ ಆ ಹುಡುಗಿಗೆ ಉಳಿಯುವುದೇನು?

“ಆ ವರದಿ ನನಗೆ ತೋರಿಸ್ತೀರಾ?” ಎಂದಳು.

“ಧಾರಾಳವಾಗಿ.”

*

ಸುಲೋಚನಾ ಕಂಪ್ಯೂಟರಿನ ಮುಂದೆ ಕೂತಳು. ಮೋಡೆಮ್ಮಿನ ದೀಪ ಮಿಣುಕಿತು. ಇ-ಮೇಲಿನ ಅಂಚೆಪೆಟ್ಟಿಗೆ ನಿಧಾನವಾಗಿ ತೆರೆಯಿತು. ಅವಳು ತುಂಬ ಕೆಳಗೆ ಇಳಿದು ಒಂದನ್ನು ತೆರೆದಳು.

“ಓದಿ.”

ಮಾನಸ ಓದಿದಳು. ಪುಟ ತೆರೆದದ್ದು, ಸಹನಾ ಎಂಬ ಹೆಸರು ಕೊಟ್ಟದ್ದು, ಹುಟ್ಟಿದ ದಿನ, ಶಾಲೆಯ ಹೆಸರು, ಫೋಟೋ ಸೇರಿಸಿದ್ದು. ಪಾಸ್‌ವರ್ಡ್ ಜಾಗದಲ್ಲಿ 123456. ಪರಿಚಯಕ್ಕೆ ಎರಡು ಸಾಲು, ಅಷ್ಟೇ. ಬೈಗುಳ ಒಂದೂ ಇಲ್ಲ. ಟೀಚರ್‌ಗಳ ಮಾತಂತೂ ಇಲ್ಲವೇ ಇಲ್ಲ.

ಮತ್ತೊಮ್ಮೆ ಓದಿದಳು.

“ಬೈಗುಳ ಬರೆದಿದ್ದು ಇಲ್ಲಿಂದ ಅಲ್ಲ.”

“ಆಮೇಲೆ ಹೊರಗಡೆ ಎಲ್ಲೋ ಬರೆದಿರ್ತಾಳೆ. ಶುರು ಮಾಡಿದ್ದು ಇಲ್ಲೇ ತಾನೇ?”

ಮೇಲ್ಗಡೆ ತಾರೀಖು ಇತ್ತು. ಏಪ್ರಿಲ್ 30, 2006, ಭಾನುವಾರ. ಮಧ್ಯಾಹ್ನ.

ಏಪ್ರಿಲ್ ಮೂವತ್ತು. ಈ ಅಂಕಿಗಳನ್ನು ಅವಳು ಎಲ್ಲೋ ನೋಡಿದ್ದಳು. ಇವತ್ತೇ. ಈ ಮನೆಯಲ್ಲೇ. ನೆನಪು ಮೋಸ ಮಾಡುತ್ತಿರಬಹುದು ಎಂದುಕೊಂಡೇ ಎದ್ದು ಶೋಕೇಸಿನ ಹತ್ತಿರ ಹೋದಳು. ಗಾಜಿಗೆ ಮುಖ ಹತ್ತಿರ ತಂದು ನೋಡಿದಳು. ಕಿತ್ತಳೆ ಬಣ್ಣದ ಅಂಕಿಗಳು: ’06 4 30.

“ಹೇಮಕ್ಕ, ಈ ಫೋಟೋ ಯಾವಾಗಿನದು?”

“ಅದಾ? ಅಕ್ಷಯ ತದಿಗಿ. ಸಿಂಹಾಚಲದಾಗ ಚಂದನೋತ್ಸವ. ದೇವರ ಮೈಮ್ಯಾಲಿನ ಗಂಧ ತಗದು ವರ್ಷಕ್ಕ ಒಮ್ಮೆ ದರ್ಶನ ಕೊಡ್ತಾರಲ್ಲ, ಆವತ್ತು.”

“ಎಷ್ಟು ಹೊತ್ತಿಗೆ ಮನೆಗೆ ಬಂದಿರಿ?”

“ಎಷ್ಟೊತ್ತಂತೀರಿ! ನಸುಕಿನ್ಯಾಗ ಹೋಗಿ ಸರತಿಗೆ ನಿಂತ್ವಿ. ದೀಪ ಹಚ್ಚೋ ಹೊತ್ತಿಗೆ ಮನಿ ಮುಟ್ಟಿದ್ವಿ. ಬಿಸಿಲಿಗೆ ಅಪ್ಪಿ ಎರಡು ಸಲ ವಾಂತಿ ಮಾಡ್ಕೊಂಡ್ಲು. ಅಕ್ಕಾನ ಆಕಿ ತಲಿ ಹಿಡ್ಕೊಂಡಿದ್ರು...”

ಹೇಮಾಕ್ಷಿಯ ಕಣ್ಣು ಫೋಟೋದಿಂದ ಸುಲೋಚನಾಳ ಕಡೆ ತಿರುಗಿತು.

ಸುಲೋಚನಾ ನಿಧಾನವಾಗಿ ಕುರ್ಚಿ ತಿರುಗಿಸಿದಳು. ಹಬ್ಬವನ್ನು ಅವಳು ತಿಥಿಯಲ್ಲಿ ನೆನಪಿಟ್ಟಿದ್ದಳು. ವರದಿಯಲ್ಲಿ ಇದ್ದದ್ದು ತಾರೀಖು. ಎರಡೂ ಒಂದೇ ದಿನ ಎಂದು ಇಷ್ಟು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಪ್ರತಿದಿನ ಧೂಳು ಒರೆಸುತ್ತಿದ್ದ ಫೋಟೋದ ಮೂಲೆಯನ್ನು ಅವಳು ಓದಿರಲೇ ಇಲ್ಲ.

“ಇಬ್ಬರು ಹುಡುಗೀರೂ ಫೋಟೋದಲ್ಲಿದ್ದಾರೆ,” ಎಂದಳು ಮಾನಸ. “ನೀವಿಬ್ಬರೂ ಇದ್ದೀರಿ. ಫೋಟೋ ತೆಗೆದವರು?”

“ನಮ್ಮವರು,” ಎಂದಳು ಹೇಮಾಕ್ಷಿ.

“ಅಶೋಕ್ ಸರ್?”

“ಅವರು ಬರಲಿಲ್ಲಲ್ಲ. ಸಂಘದಾಗ ಭಾಷಣ ಐತಿ, ತಯಾರಿ ಮಾಡ್ಕೋಬೇಕು ಅಂತ ಮನ್ಯಾಗ ಉಳಿದ್ರು.”

ಮೂವರೂ ತಿರುಗಿ ನೋಡಿದರು. ಅಶೋಕ ಸೋಫಾದ ತುದಿಯಲ್ಲಿ ಕೂತು ಒದ್ದೆಯಾದ ಕರಪತ್ರಗಳನ್ನು ಒಂದೊಂದಾಗಿ ಬಿಡಿಸಿ ಸೋಫಾದ ಕೈಮೇಲೆ ಒಣಹಾಕುತ್ತಿದ್ದ. ಆ ಕೆಲಸ ಬಿಟ್ಟು ಬೇರೇನೂ ತನಗೆ ಕಾಣುವುದಿಲ್ಲ ಎಂಬಂತೆ.

“ರೀ,” ಎಂದಳು ಸುಲೋಚನಾ.

“ಮಾದರಿಗೆ,” ಎಂದ ಅವನು ತಲೆ ಎತ್ತದೆ. “ಬೇರೆಯವರ ಹೆಸರಲ್ಲಿ ಪುಟ ಮಾಡೋದು ಎಷ್ಟು ಸುಲಭ ಅಂತ ತೋರಿಸಬೇಕಿತ್ತು. ಬೇರೆ ಯಾರ ಮಗಳ ಫೋಟೋ ಹಾಕೋದಕ್ಕೆ ಆಗುತ್ತೆ? ತಪ್ಪಲ್ವಾ ಅದು? ಅದಕ್ಕೇ ನಮ್ಮವಳದೇ ಹಾಕಿದೆ. ದೊಡ್ಡ ಪರದೆ ಮೇಲೆ ತೋರಿಸಿದೆ. ‘ನೋಡಿ, ಹೀಗೆ 123456 ಅಂತ ಪಾಸ್‌ವರ್ಡ್ ಇಡಬೇಡಿ’ ಅಂತಲೂ ಹೇಳಿದೆ. ಮನೆಗೆ ಬಂದು ಅಳಿಸಬೇಕು ಅಂದುಕೊಂಡೆ.”

“ಆ ಸಭೆಯಲ್ಲಿ ಮಕ್ಕಳಿದ್ದರಾ?” ಎಂದಳು ಮಾನಸ.

“ಇದ್ದರು. ಹಿಂದಿನ ಸಾಲಲ್ಲಿ. ಅವಳ ಸ್ಕೂಲಿನ ಹುಡುಗರೇ ಕೆಲವರು.”

ತಾನೇ ಮನೆ ಕಟ್ಟಿ, ಬೀಗದ ಕೈಯನ್ನು ಪರದೆಯ ಮೇಲೆ ಎಲ್ಲರಿಗೂ ತೋರಿಸಿ ಬಂದಿದ್ದ.

“ಸ್ಕೂಲಿನವರು ಕರೆಸಿದಾಗ ಯಾಕೆ ಹೇಳಲಿಲ್ಲ?” ಸುಲೋಚನಾಳ ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು. “ಅವಳು ನಿಮ್ಮ ಪಕ್ಕದಲ್ಲೇ ನಿಂತು ಅಳ್ತಿದ್ದಳು.”

“ಹೇಳೋಣ ಅಂತಲೇ ಹೋಗಿದ್ದೆ. ಪ್ರಿನ್ಸಿಪಾಲರು, ‘ನೀವೇ ಬೇರೆ ಪೋಷಕರಿಗೆ ಪಾಠ ಹೇಳೋರು’ ಅಂದುಬಿಟ್ಟರು. ಬಾಯಿ ಬರಲಿಲ್ಲ.”

ಸುಲೋಚನಾ ಎದ್ದಳು. ಟೀಪಾಯಿಯ ಮೇಲಿನ ಜಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಗಂಡ ಹರಡಿದ್ದ ಕರಪತ್ರಗಳನ್ನು ಪಕ್ಕಕ್ಕೆ ತಳ್ಳಿ ಅದನ್ನು ಅವನ ತೊಡೆಯ ಮೇಲೆ ಇಟ್ಟಳು.

“ಇಟ್ಟುಕೊಳ್ಳಿ. ಮುಂದಿನ ಭಾಷಣಕ್ಕೆ ಮಾದರಿ.”

ಆಮೇಲೆ ಹೇಮಾಕ್ಷಿಯ ಮುಂದೆ ಬಂದು ನಿಂತಳು. ಕಾಲಿಗೆ ಬೀಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ತನ್ನ ಜುಟ್ಟನ್ನು ಬಿಚ್ಚಿ ಭುಜದ ಮೇಲೆ ಹರಡಿಕೊಂಡಳು.

“ಒಳಗೆ ಕತ್ತರಿ ಇದೆ. ತರಲಾ?”

ಹೇಮಾಕ್ಷಿಯ ಕೈಗಳು ಮಡಿಲಲ್ಲಿ ಮುಷ್ಟಿ ಕಟ್ಟಿದ್ದವು.

*

ಮಾನಸ ಆ ಹೊತ್ತಿಗೆ ಪರದೆಯನ್ನೇ ನೋಡುತ್ತಿದ್ದಳು.

ವರದಿ ಮುಚ್ಚಿದಾಗ ಅಂಚೆಪೆಟ್ಟಿಗೆಯ ಮೊದಲ ಪುಟ ಕಂಡಿತ್ತು. ನಿನ್ನೆಯದು, ಮೊನ್ನೆಯದು, ಬುಧವಾರದ್ದು. ಓದದೆ ಉಳಿದ ಪತ್ರ ದಪ್ಪ ಅಕ್ಷರದಲ್ಲಿ ಇರುತ್ತದೆ, ತೆರೆದದ್ದು ತೆಳುವಾಗುತ್ತದೆ. ಎಲ್ಲವೂ ತೆಳ್ಳಗಿದ್ದವು.

“ಸುಲೋಚನಾ ಅವರೇ, ಕೊನೇ ಸಲ ಯಾವಾಗ ಇದನ್ನ ತೆಗೆದಿರಿ?”

“ಜಡೆ ಕತ್ತರಿಸಿದ ಮಾರನೇ ದಿನ.” ಅವಳು ತಿರುಗದೆಯೇ ಹೇಳಿದಳು. “ಆ ಹುಡುಗಿ ಬರೆದಿದ್ದಳು, ‘ಇನ್ನು ಬೆಳಿಗ್ಗೆ ಅಮ್ಮನಿಗೆ ನನ್ನ ಹತ್ತಿರ ಕೂರೋ ಕೆಲಸ ಇಲ್ಲ’ ಅಂತ. ಅದನ್ನ ಓದಿ ಮುಚ್ಚಿದವಳು ಮತ್ತೆ ತೆಗೆದಿಲ್ಲ. ಸೇಡು ತೀರಿತು ಅಂದುಕೊಂಡೆ. ನಿದ್ದೆ ಮಾತ್ರ ಬರಲಿಲ್ಲ.”

“ಹಾಗಾದರೆ ದುವ್ವಾಡಕ್ಕೆ ಬಾ ಅಂದವರು ಯಾರು?”

“ದುವ್ವಾಡ?” ಸುಲೋಚನಾಳ ಹುಬ್ಬು ಗಂಟಿಕ್ಕಿತು. “ಯಾವ ದುವ್ವಾಡ?”

ಮಾನಸ ಪರದೆಯ ಮೇಲಿನ ತೆಳು ಅಕ್ಷರಗಳಿಗೆ ಬೆರಳು ತೋರಿಸಿದಳು.

“ಈ ಪಾಸ್‌ವರ್ಡ್ ಇನ್ನು ಯಾರಿಗೆ ಗೊತ್ತು?”

“ನಮ್ಮಿಬ್ಬರನ್ನ ಬಿಟ್ಟರೆ ಯಾರಿಗೂ ಇಲ್ಲ. ನೆರಳಿಗೂ ನಾನು ಇದನ್ನೇ ಇಟ್ಟಿದ್ದೆ. ಸಹನಾ ಹುಟ್ಟಿದ ದಿನ, ಅಷ್ಟೇ...”

ಅವಳು ಒಳಕೋಣೆಯ ಬಾಗಿಲ ಕಡೆ ನೋಡಿದಳು. ಮುಚ್ಚಿದ ಬಾಗಿಲು.

“ಅವಳು ಮಂಗಳಗಿರಿಗೆ ಹೋಗಿದ್ದಾಳೆ. ಬೆಳಿಗ್ಗೆ ಬೇಗ ಹೊರಟಳು. ಮಗ್ಗಕ್ಕೆ ಹೊಸ ಹಾಸುನೂಲು ಹೂಡ್ತಾರೆ ಅಂದಳು.”

“ಫೋನ್ ಮಾಡಿ.”

ಸುಲೋಚನಾ ಮಾಡಿದಳು. ಹಿಂದೆ ಮಗ್ಗದ ಟಕ ಟಕ. ಕನಕದುರ್ಗಳ ಗಟ್ಟಿ ದನಿ ನಡುಮನೆಗೆಲ್ಲ ಕೇಳಿಸಿತು.

“ಲೇದಮ್ಮಾ, ಪಾಪ ಈ ರೋಜು ರಾಲೇದು. ಮೀರು ಡಾಕ್ಟರ್ ದಗ್ಗರಿಕಿ ತೀಸುಕೆಳ್ತುನ್ನಾರನಿ ನಿನ್ನನೇ ಚೆಪ್ಪಿಂದಿ ಕದಾ?”

ಸಹನಾ ಇವತ್ತು ಅಲ್ಲಿಗೆ ಬಂದೇ ಇರಲಿಲ್ಲ; ಅಮ್ಮ ತನ್ನನ್ನು ಡಾಕ್ಟರ ಬಳಿಗೆ ಕರೆದೊಯ್ಯುತ್ತಾರೆ ಎಂದು ನಿನ್ನೆಯೇ ಹೇಳಿದ್ದಳು. ಯಾವ ಡಾಕ್ಟರೂ ಇರಲಿಲ್ಲ.

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ನಸುಕಿನಲ್ಲೇ ರೈಲಿದೆ. ದುವ್ವಾಡದಲ್ಲಿ ನಿಲ್ಲುತ್ತದೆ. ಮಾನಸ ಮತ್ತು ಹೇಮಾಕ್ಷಿ ಈ ಕಡೆ ಬರುತ್ತಿದ್ದಾಗ, ಅವರ ರೈಲಿನ ಕಿಟಕಿ ನಡುಗಿಸಿ ಎದುರಿನಿಂದ ಹಾದುಹೋದ ಬೋಗಿಗಳ ಒಂದು ಕಿಟಕಿಯಲ್ಲಿ ಸಹನಾ ಕೂತಿದ್ದಳು.

ತನಗಾದ ಅನ್ಯಾಯ ಯಾರಿಂದ ಎಂದು ಅವಳಿಗೂ ತಾಯಿಯ ಲೆಕ್ಕವೇ ಗೊತ್ತಿತ್ತು. ಆ ಲೆಕ್ಕ ತಪ್ಪು ಎಂದು ಈ ಕೋಣೆಯಲ್ಲಿ ತಿಳಿದು ಐದು ನಿಮಿಷವೂ ಆಗಿರಲಿಲ್ಲ. ಅವಳ ಹತ್ತಿರ ಮೊಬೈಲ್ ಇರಲಿಲ್ಲ. ತಿಳಿಸುವುದು ಹೇಗೆ?

ಮತ್ತು ದುವ್ವಾಡವನ್ನು ಆರಿಸಿದ್ದು ಸಹನಾ ಅಲ್ಲ. ಮಾನಸ.

ಮಾನಸಳ ಮೊಬೈಲ್ ಹೊಡೆದುಕೊಂಡಿತು. ನಟರಾಜ.

“ಸರ್, ಅಪೂರ್ವ ಎಲ್ಲಿ?”

“ಅದನ್ನ ಕೇಳಾಕ ಫೋನ್ ಮಾಡೇನ್ರಿ.” ಅವನು ಏದುಸಿರು ಬಿಡುತ್ತಿದ್ದ. “ನಮ್ಮ ಬ್ಯಾಂಕಿನ ಕ್ಯಾಶ್ ಕೀ ನನ್ನ ಹತ್ರ ಇತ್ರಿ. ನಾ ಹೋಗದ ಲಾಕರ್ ರೂಮ್ ಬಂದ್ ಆಗಂಗಿಲ್ಲ. ಬಾಜೂಮನಿ ಸೀತಾಮಹಾಲಕ್ಷ್ಮಿ ಅವರಿಗೆ ಹೇಳಿ ಹೋಗಿದ್ದೆ. ಬರೂದ್ರಾಗ ಹುಡುಗಿ ಇಲ್ರಿ. ಚಪ್ಪಲಿನೂ ಇಲ್ಲ.”

“ದುವ್ವಾಡ. ಈಗಲೇ ಹೊರಡಿ. ಸ್ಟೇಷನ್ನಿನ ಪೊಲೀಸರಿಗೆ ನಾನು ಹೇಳ್ತೀನಿ. ಅಲ್ಲಿ ಇಬ್ಬರು ಹುಡುಗೀರು ಇರ್ತಾರೆ. ಸಿಕ್ಕಿದರೆ ಬೈಬೇಡಿ, ಇಬ್ಬರನ್ನೂ ದೂರ ದೂರ ಕೂರಿಸಿ...”

“ಮಾನಸಾ ಅವರ,” ನಟರಾಜ ನಡುವೆ ಬಾಯಿ ಹಾಕಿದ. “ಇನ್ನೊಂದು ಐತ್ರಿ. ಜಡಿ ಕತ್ತರಿಸಿಕೊಂಡ್ಲಲ್ಲ, ಆ ಕತ್ತರಿ. ಹೇಮಾ ಅದನ್ನ ಅಕ್ಕಿ ಡಬ್ಬಿಯೊಳಗ ಹುಗಿದಿಟ್ಟಿದ್ಲು. ಡಬ್ಬಿ ಅಡ್ಡ ಬಿದ್ದೈತಿ. ಅಕ್ಕಿ ಎಲ್ಲಾ ನೆಲದ ಮ್ಯಾಲ ಐತಿ. ಕತ್ತರಿ ಇಲ್ರಿ.”

ಫೋನಿನ ದನಿ ಹೇಮಾಕ್ಷಿಗೂ ಕೇಳಿಸಿತ್ತು. ಅವಳು ಸುಲೋಚನಾಳ ಬಿಚ್ಚಿದ ಕೂದಲನ್ನೂ, ಅಶೋಕನ ತೊಡೆಯ ಮೇಲಿನ ಜಡೆಯನ್ನೂ ನೋಡಿದಳು. ಮುಷ್ಟಿ ಕಟ್ಟಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

“ಬಾಗಲದಾಗ ನಿಂತಿದ್ಲು,” ಎಂದಳು. “ಕೈ ಕತ್ತರಿಸಬೇಕು ಅಂದ್ನಲ್ಲ ನಾ ಬೆಳಿಗ್ಗೆ... ಆಕಿ ಕೇಳಿಸ್ಕೊಂಡಾಳ, ಮಾನಸಾ.”